ಶೋಧನೆಯ ವೇಳೆಯಲ್ಲಿ ದೇವರ ಆಸರೆ

(ಶತಮಾನೋತ್ಸವದ ಧ್ಯಾನಕೂಟದಲ್ಲಿ ನೀಡಿದ ಉಪನ್ಯಾಸ)



ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ಕೇಡಿನಿಂದ ಬಿಡುಗಡೆಯನ್ನು ನಾವು ದಿನವೂ ಬೇಡುತ್ತೇವೆ. ಬೇಡಿ ಎದ್ದ ಮೇಲೆ ನಮ್ಮ ಕಾಲು ಯಾವ ಬೀದಿಯನ್ನು ಹಿಡಿಯುತ್ತದೆ?

ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟ್ 1856ರಲ್ಲಿ ಬಡಕುಟುಂಬದಲ್ಲಿ ಜನಿಸಿದರು. 12ನೆಯ ವಯಸ್ಸಿನಲ್ಲೇ ಕುಡಿತಕ್ಕೆ ತೊಡಗಿದರು. ದುಡಿದ ಕೂಲಿಯೆಲ್ಲ ಮದ್ಯದಂಗಡಿಯ ಪಾಲಾಯಿತು. 1884ರಲ್ಲೊಂದು ದಿನ ಕೈಯಲ್ಲಿ ಕಾಸಿಲ್ಲದೆ ಅಂಗಡಿಯ ಹೊರಗೆ ನಿಂತರು. ಅವರ ಹಣದಿಂದ ಕುಡಿದಿದ್ದ ಗೆಳೆಯರಲ್ಲಿ ಒಬ್ಬನೂ ಒಳಗೆ ಕರೆಯಲಿಲ್ಲ. ಆ ಅವಮಾನವೇ ದೇವರ ಕರೆಯಾಯಿತು. ಮನೆಗೆ ಮರಳಿ ತಾಯಿಗೆ ತಿಳಿಸಿ, ಪಾಪನಿವೇದನೆ ಮಾಡಿ, ಕುಡಿತ ಬಿಡುವ ಪ್ರತಿಜ್ಞೆ ಕೈಗೊಂಡರು. ಅದೂ ಮೂರೇ ತಿಂಗಳಿಗೆ!

ಅವರು ಸ್ವಂತ ಬಲವನ್ನು ನಂಬಲಿಲ್ಲ. ಮುಂಜಾನೆ ಕೆಲಸಕ್ಕೆ ಮುನ್ನ ಪೂಜೆಗೆ ಹೋದರು. ಸಂಜೆ ದೇವಾಲಯದಲ್ಲಿ ಮೊಣಕಾಲೂರಿದರು. ಜೇಬಿನಲ್ಲಿ ಹಣವಿಟ್ಟುಕೊಂಡು ತಿರುಗುವುದನ್ನೇ ತೊರೆದರು. ಮೂರು ತಿಂಗಳ ಪ್ರತಿಜ್ಞೆ 40 ವರ್ಷ ಮೀರಿ ಬಾಳಿತು. 1925ರಲ್ಲಿ ಪೂಜೆಗೆ ಹೋಗುವ ದಾರಿಯಲ್ಲೇ ಕುಸಿದು ಪ್ರಾಣಬಿಟ್ಟರು. 1975ರಲ್ಲಿ ಪೋಪ್ ಆರನೆಯ ಪೌಲರು ಅವರ ಸದ್ಗುಣಗಳನ್ನು ವೀರೋಚಿತವೆಂದು ಸಾರಿದರು.

ಪ್ರಿಯರೇ, ಶೋಧನೆ ಬರುವುದು ಪಾಪವಲ್ಲ. ಬೆಂಗಾಡಿನಲ್ಲಿ ಪ್ರಭುವಿಗೂ ಅದು ಬಂದಿತು. ಅದಕ್ಕೆ ಮನಸ್ಸು ಒಪ್ಪುವುದೇ ಪಾಪ. ಬಾಯಿ ಬಿಡುಗಡೆಯನ್ನು ಬೇಡುತ್ತಿರಲು ಕಾಲು ಹಳೆಯ ಅಂಗಡಿಯತ್ತಲೇ ನಡೆದರೆ ಪ್ರಾರ್ಥನೆ ಬರಿಯ ಮಾತಾಗುತ್ತದೆ. ದಾರಿಯನ್ನು ಬದಲಿಸುವುದು ನಮ್ಮ ಪಾಲು. ಬಲವನ್ನು ನೀಡುವುದು ದೇವರ ಪಾಲು.

ನಮ್ಮ ನಡುವೆ ಹೋರಾಡುತ್ತಿರುವ ಸಹೋದರನು ಇಂದೇ ಬಾಳಿನುದ್ದಕ್ಕೂ ಮಾತು ಕೊಡಬೇಕಾಗಿಲ್ಲ; ಇಂದಿನ ಒಂದು ದಿನವನ್ನು ದೇವರಿಗೆ ಒಪ್ಪಿಸಿದರೆ ಸಾಕು. ಬಿದ್ದವನನ್ನು ಕಂಡು ಮುಖ ತಿರುಗಿಸುವವರು ನಾವಾಗದಿರೋಣ. ನೂರು ವರ್ಷ ತೆರೆದೇ ಇದ್ದ ಈ ದೇವಾಲಯದ ಬಾಗಿಲು ಅವನಿಗಾಗಿಯೂ ತೆರೆದಿರಲಿ. ಆಮೆನ್.