ಋಣ ತೀರಿದ ಮೇಲಿನ ಸಂಸಾರ

(ಬನಶಂಕರಿ ಮೂರನೆಯ ಹಂತದಲ್ಲಿ ನೆರೆದ ಉಪಾಧ್ಯಾಯರ ಕೂಟದಲ್ಲಿ ಮಾಡಿದ ಭಾಷಣ)



ಸಾಲವು ಶೂಲವೆಂದು ಹೇಳುವವರು ನಮ್ಮ ನಾಡಿನಲ್ಲಿ ಹೇರಳವಾಗಿದ್ದಾರೆ. ಸರ್ವಜ್ಞನ ಕಾಲದಿಂದಲೂ ಆ ಮಾತು ನಮ್ಮ ಕಿವಿಗೆ ಬೀಳುತ್ತಲೇ ಇದೆ. ಆದರೆ ಸಾಲವು ತೀರಿದ ಮರುದಿನ ಗೃಹಸ್ಥನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಹೇಳುವವರು ವಿರಳ. ತೀರಿತಷ್ಟೆ, ಇನ್ನೇನು ಚಿಂತೆ ಎಂದು ಎಲ್ಲರೂ ಸುಮ್ಮನಾಗುವರು. ಆ ಸುಮ್ಮನಾಗುವುದರಲ್ಲಿಯೇ ಅಪಾಯವಿರುವುದೆಂದು ನನ್ನ ಅನುಭವ. ನಾನು ಅರ್ಥಶಾಸ್ತ್ರಜ್ಞನಲ್ಲ, ಮಕ್ಕಳಿಗೆ ಗಣಿತವನ್ನು ಕಲಿಸಿ, ನನ್ನ ಮನೆಯ ಗಣಿತದಲ್ಲಿ ತಪ್ಪು ಮಾಡಿದವನು. ಆ ತಪ್ಪನ್ನೇ ತಮ್ಮ ಮುಂದೆ ಇಡಲು ಅಪ್ಪಣೆ ಬೇಡುತ್ತೇನೆ.

ನಮ್ಮ ಮನೆಯ ಸಾಲವು ಹದಿನೇಳು ವರ್ಷ ನಡೆಯಿತು. ಕಡೆಯ ಕಾಲದಲ್ಲಿ ತಿಂಗಳಿಗೆ 22,600 ರೂಪಾಯಿ ಕಂತು. ಸಂಬಳ ಬಂದ ಐದನೆಯ ದಿನಕ್ಕೆ ಅದು ನಮ್ಮ ಕಣ್ಣಿಗೆ ಬೀಳದೆಯೇ ಹೋಗಿಬಿಡುತ್ತಿದ್ದಿತು. ಕಡೆಯ ಕಂತು ಸಂದ ದಿನ ಮನೆಯಲ್ಲಿ ಪಾಯಸ ಮಾಡಿದೆವು. ಅಲ್ಲಿಂದ ನಾಲ್ಕನೆಯ ತಿಂಗಳಿನಲ್ಲಿ ನನ್ನ ಪತ್ನಿಯು ಒಂದು ಸಂಜೆ, "ರೀ, ಕಂತು ನಿಂತು ಮೂರು ತಿಂಗಳಾಯಿತಲ್ಲ, ಆ ಹಣವೆಲ್ಲಿ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಮೂರು ತಿಂಗಳಿಗೆ 67,800 ರೂಪಾಯಿ. ಹೊಸ ಟೆಲಿವಿಷನ್ನಿನ ಕಂತು 10,200, ದೂರವಾಣಿಯಲ್ಲಿ ತರಿಸಿದ ಊಟ ತಿಂಡಿ 14,650, ಬಟ್ಟೆಬರೆ 11,300, ಬಾಡಿಗೆಯ ಕಾರು 6,180, ಮದುವೆ ಮುಂಜಿಗಳ ಉಡುಗೊರೆ 8,000. ಉಳಿದ 17,470 ರೂಪಾಯಿಗೆ ಲೆಕ್ಕವೇ ಸಿಕ್ಕಲಿಲ್ಲ. ಹದಿನೇಳು ವರ್ಷ ಆ ಹಣವಿಲ್ಲದೆ ಬದುಕಿದ್ದ ಸಂಸಾರವು ಮೂರೇ ತಿಂಗಳಲ್ಲಿ ಅದಿಲ್ಲದೆ ಬದುಕಲಾರದ ಸ್ಥಿತಿಗೆ ಬಂದಿದ್ದಿತು!

ಆ ಟೆಲಿವಿಷನ್ನಿನ ವಿಷಯವಾಗಿ ಒಂದು ಮಾತು. ಅದು ಬಡ್ಡಿಯಿಲ್ಲದ ಕಂತೆಂದು ಅಂಗಡಿಯವನು ಹೇಳಿದನು. ಗಣಿತದ ಉಪಾಧ್ಯಾಯನು ನಂಬಿದನು. ನಗದಾಗಿ ಕೊಂಡವನಿಗೆ ದೊರೆಯುವ ರಿಯಾಯಿತಿ ಕಂತಿನವನಿಗೆ ದೊರೆಯುವುದಿಲ್ಲ; ಮೇಲೆ ನಿರ್ವಹಣೆಯ ಶುಲ್ಕ ಬೇರೆ. ಶೂನ್ಯ ಬಡ್ಡಿಯೆಂಬ ವಸ್ತುವೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದ್ದಿತು. ಇನ್ನು ಕ್ರೆಡಿಟ್ ಕಾರ್ಡು. ಪೂರ್ತಿ ಬಾಕಿಯನ್ನು ತೀರಿಸದೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುವವರಿಗೆ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇಕಡಾ ಮೂರೂವರೆಯಷ್ಟು ಬಡ್ಡಿ ಬೀಳುತ್ತದೆ. ಲಕ್ಷ ರೂಪಾಯಿಗೆ ತಿಂಗಳಿಗೆ 3,500. ಹಿಂದಿನ ಕಾಲದ ಸಾಹುಕಾರನನ್ನು ನಾವು ರಕ್ತ ಹೀರುವವನೆಂದು ನಾಟಕಗಳಲ್ಲಿ ಬೈದೆವು. ಈಗಿನ ಈ ಸಾಹುಕಾರನನ್ನು ಕಿಸೆಯಲ್ಲಿ ಇಟ್ಟುಕೊಂಡು ತಿರುಗುತ್ತೇವೆ.

ಹಣದ ಮಾತಿಗಿಂತ ಮೊದಲು ಕಾಗದಪತ್ರಗಳ ಮಾತನ್ನು ಹೇಳಬೇಕಾಗಿತ್ತು, ಮರೆತೆನು. ಕಡೆಯ ಕಂತನ್ನು ಕಟ್ಟಿದ ಮಾತ್ರಕ್ಕೆ ಸಾಲವು ತೀರಿದಂತಲ್ಲ. ಅಡಮಾನವಿಟ್ಟ ಮೂಲ ಕ್ರಯಪತ್ರಗಳು ಕೈಗೆ ಬರಬೇಕು. 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲ ಪೂರ್ತಿ ಸಂದಾಯವಾದ 30 ದಿನಗಳೊಳಗೆ ಬ್ಯಾಂಕು ಆ ಪತ್ರಗಳನ್ನು ಹಿಂದಿರುಗಿಸಿ, ನೋಂದಣಿಯಾದ ಋಣಭಾರವನ್ನೂ ತೆಗೆಸತಕ್ಕದ್ದು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರನಿಗೆ ಪರಿಹಾರ ಕೊಡತಕ್ಕದ್ದು. ಇದು ಬಹುಮಂದಿಗೆ ತಿಳಿದಿಲ್ಲ. ಅನಂತರ ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪತ್ರವನ್ನು ತೆಗೆಸಿ, ಅಡಮಾನವು ತೀರಿದ ನಮೂದು ಅದರಲ್ಲಿ ಬಂದಿದೆಯೇ ಎಂದು ನೋಡಬೇಕು. ಸಾಲದ ಚರಿತ್ರೆಯ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ಅದರಲ್ಲಿಯೂ ಖಾತೆ ಮುಗಿಯಿತೆಂದು ಬರೆದಿರಬೇಕು. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ನೋಡಲಿಲ್ಲ. ಆರು ವರ್ಷದ ತರುವಾಯ ಮಗಳ ವಿದ್ಯಾಭ್ಯಾಸಕ್ಕಾಗಿ ಹಣ ಬೇಕಾದಾಗ, ತೀರಿದ ಸಾಲವು ಕಾಗದದಲ್ಲಿ ಇನ್ನೂ ಜೀವಂತವಾಗಿದ್ದಿತು.

ಈಗ ನಮ್ಮ ಮನೆಗೆ ಹಿಂದಿರುಗುತ್ತೇನೆ. ನನ್ನ ಪತ್ನಿಯು ಸೂಚಿಸಿದ ಉಪಾಯವು ಸರಳವಾದುದು. ಕಂತು ನಿಂತಿತೆಂಬುದನ್ನು ಮರೆತುಬಿಡುವುದು. ಐದನೆಯ ತಾರೀಖಿಗೆ 22,600 ರೂಪಾಯಿ ಎಂದಿನಂತೆ ಹೋಗಲಿ, ಆದರೆ ಈಗ ನಮಗೇ ಹೋಗಲಿ ಎಂದಳು. ಅದರಲ್ಲಿ 10,000 ಆವರ್ತಕ ಠೇವಣಿಗೆ. ವರ್ಷಕ್ಕೊಮ್ಮೆ ಬಂದು ಎದೆಗೆ ಗುದ್ದುವ ಖರ್ಚುಗಳಿವೆಯಷ್ಟೆ, ಅಂದರೆ ಆಸ್ತಿ ತೆರಿಗೆ, ವಿಮೆಯ ಕಂತು, ಮಗನ ಶಾಲೆಯ ಶುಲ್ಕ, ಗೌರಿ ದೀಪಾವಳಿಗಳು, ಊರಿನ ಪ್ರಯಾಣ. ಅವೆಲ್ಲವನ್ನೂ ಕೂಡಿಸಿದಾಗ 72,000 ಆಯಿತು. ಆದುದರಿಂದ ತಿಂಗಳಿಗೆ 6,000 ಬೇರೊಂದು ಖಾತೆಗೆ. ಆಸ್ತಿ ತೆರಿಗೆಯನ್ನು ಏಪ್ರಿಲಿನೊಳಗೆ ಕಟ್ಟಿದವರಿಗೆ ಶೇಕಡಾ ಐದರ ರಿಯಾಯಿತಿಯು ನಮ್ಮ ನಗರದಲ್ಲಿ ನಡೆದುಬಂದಿದೆ. ಹಣವು ಸಿದ್ಧವಾಗಿದ್ದವನಿಗೆ ಮಾತ್ರ ಅದರ ಲಾಭ. ಮನೆಯ ಖರ್ಚಿಗೆ 3,000 ಹೆಚ್ಚಿಗೆ, ಏಕೆಂದರೆ ಹದಿನೇಳು ವರ್ಷ ಬಿಗಿ ಹಿಡಿದ ಕೈಗೆ ಸ್ವಲ್ಪ ಸಡಿಲವೂ ಬೇಕು. ಉಳಿದ 3,600 ನನ್ನ ತಾಯಿಯ ಔಷಧಕ್ಕೂ ಪುಸ್ತಕಗಳಿಗೂ. ನಮ್ಮ ತಿಂಗಳ ಖರ್ಚು 38,000. ಆರು ತಿಂಗಳ ಖರ್ಚಿಗೆ ಸಾಕಾಗುವಷ್ಟು, ಎಂದರೆ 2,28,000 ರೂಪಾಯಿ, ಆಪದ್ಧನವಾಗಿ ಕೂಡುವವರೆಗೆ ಬೇರೆ ಯಾವ ಯೋಜನೆಯೂ ಕೂಡದೆಂದು ನಿಶ್ಚಯಿಸಿದೆವು. ಇಪ್ಪತ್ತಮೂರು ತಿಂಗಳ ಕೆಲಸ.

ಇದು ಹೊಸ ವಿದ್ಯೆಯೇನೂ ಅಲ್ಲ. ಕನ್ನಡಿಗರು ಈ ವಿಷಯದಲ್ಲಿ ಇತರರಿಗೆ ದಾರಿ ತೋರಿಸಿದವರು. ಕನ್ನಡ ನಾಡು ಹಲವು ಸರ್ಕಾರಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ರೈತರ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ 1906ರಲ್ಲಿ ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನು ಆರಂಭಿಸಿದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು: ದಿನಕ್ಕೆ ಎರಡಾಣೆ, ಬ್ಯಾಂಕಿನ ಪ್ರತಿನಿಧಿಯೇ ಮನೆಬಾಗಿಲಿಗೆ ಬಂದು ಒಯ್ಯುವನು. ನೇಕಾರನ, ಸಣ್ಣ ಅಂಗಡಿಯವನ ಕೈಯಲ್ಲಿ ಸಂಜೆಗೆ ಉಳಿಯುವ ಎರಡಾಣೆಯು ರಾತ್ರಿಗೆ ಉಳಿಯುವುದಿಲ್ಲವೆಂಬುದನ್ನು ಅರಿತವರು ಮಾಡಿದ ಏರ್ಪಾಡು ಅದು. ಮೈಸೂರು ಸಂಸ್ಥಾನವು 1913ರಲ್ಲಿ ತನ್ನ ಬ್ಯಾಂಕನ್ನು ಕಟ್ಟಿತು. ಆ ಹೆಸರುಗಳಲ್ಲಿ ಕೆನರಾ ಒಂದನ್ನುಳಿದು ಮಿಕ್ಕವು ಈಗಿಲ್ಲ: ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೂ, ಸಿಂಡಿಕೇಟ್ 2020ರಲ್ಲಿ ಕೆನರಾದೊಳಗೂ ಸೇರಿಹೋದವು. ನಮ್ಮ ತಂದೆಯವರ ಮೈಸೂರು ಬ್ಯಾಂಕಿನ ಪಾಸು ಪುಸ್ತಕವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಬೆಲೆಯಿಲ್ಲದ ವಸ್ತು; ಬಿಸಾಡಲು ಮನಸ್ಸು ಬಾರದು.

ಉಳಿಸಿದ ಹಣವನ್ನು ಎಲ್ಲಿ ಇಡಬೇಕು? ಇದನ್ನು ದಕ್ಷಿಣ ಬೆಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. 2020ರ ಜನವರಿಯಲ್ಲಿ ಬಸವನಗುಡಿಯ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚನ್ನು ತೆಗೆಯಕೂಡದೆಂದಿತು. ಬಾಗಿಲ ಮುಂದೆ ನಿಂತವರಲ್ಲಿ ನಿವೃತ್ತರೇ ಬಹಳ. ಹೆಚ್ಚಿನ ಬಡ್ಡಿಯ ಆಸೆಗೂ, ನಮ್ಮವರ ಬ್ಯಾಂಕೆಂಬ ವಿಶ್ವಾಸಕ್ಕೂ ಜೀವಮಾನದ ಗಳಿಕೆಯನ್ನು ಒಂದೇ ಕಡೆ ಇಟ್ಟವರು. ಠೇವಣಿಯ ವಿಮೆಯು ಆಗ ಲಕ್ಷ ರೂಪಾಯಿಯಷ್ಟೇ ಇದ್ದಿತು. ಮುಂದಿನ ತಿಂಗಳು, 2020ರ ಫೆಬ್ರವರಿಯಲ್ಲಿ, ಅದನ್ನು ಐದು ಲಕ್ಷಕ್ಕೆ ಏರಿಸಿದರು. ಆ ಐದು ಲಕ್ಷವು ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಎರಡೂ ಸೇರಿ. ಒಂದೇ ಬ್ಯಾಂಕಿನ ಎರಡು ಶಾಖೆಗಳಲ್ಲಿ ಇಟ್ಟರೆ ಎರಡಾಗುವುದಿಲ್ಲ. ಚೀಟಿ ಹಾಕುವವರಿಗೂ ಇದೇ ಎಚ್ಚರಿಕೆ. 1982ರ ಚಿಟ್ ಫಂಡ್ ಕಾಯಿದೆಯಂತೆ ನೋಂದಣಿಯಾಗದ ಚೀಟಿಯಲ್ಲಿ ಹಾಕಿದ ಹಣಕ್ಕೆ ಚೀಟಿ ನಡೆಸುವವರ ಮುಖದ ಹೊರತು ಬೇರೆ ಆಧಾರವಿಲ್ಲ.

ಮಿತವ್ಯಯವೆಂಬ ಹೆಸರಿನಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಹೇಳಲು ನಾಚಿಕೆಯಾಗುತ್ತದೆ. ಲೆಕ್ಕ ಬರೆಯಲಾರಂಭಿಸಿದ ಹೊಸದರಲ್ಲಿ ಉತ್ಸಾಹವು ಮಿತಿಮೀರಿ, ಮನೆಗೆಲಸದಾಕೆಗೆ ಪ್ರತಿವರ್ಷ ದೀಪಾವಳಿಗೆ ಕೊಡುತ್ತಿದ್ದ ಒಂದು ತಿಂಗಳ ಸಂಬಳವನ್ನು ಅರ್ಧ ಮಾಡಿದೆನು. ಆಕೆ ಏನೂ ಹೇಳದೆ ತೆಗೆದುಕೊಂಡು ಹೋದಳು. ಅದೇ ವಾರ ನನ್ನ ದೂರವಾಣಿಯಲ್ಲಿ ನೋಡದೆ ಬಿಟ್ಟಿದ್ದ ಒಂದು ಚಲನಚಿತ್ರ ಸೇವೆಯ ವಾರ್ಷಿಕ ಚಂದಾ, ಆಕೆಯಿಂದ ಉಳಿಸಿದ ಹಣದಷ್ಟೇ, ತಾನಾಗಿಯೇ ಕಡಿತವಾಯಿತು. ಬಲವಿಲ್ಲದವರ ಪಾಲನ್ನು ಕತ್ತರಿಸುವುದು ಬಹು ಸುಲಭ, ಬಂಧುಗಳೆ, ಕೇಳುವವರಿಲ್ಲ. ಉಳಿದರ್ಧವನ್ನು ಮರುತಿಂಗಳು ಕೊಟ್ಟೆವು. ಅಂದಿನಿಂದ ನಮ್ಮ ಪುಸ್ತಕದಲ್ಲಿ ಆಕೆಯ ಸಂಬಳವೂ ತಾಯಿಯ ಔಷಧವೂ ಮುಟ್ಟಕೂಡದ ಬಾಬುಗಳು.

ಹೊಸದಾಗಿ ಸಂಸಾರ ಹೂಡುವ ತರುಣರ ಕಷ್ಟವು ಬೇರೆಯದು. ನಮ್ಮೂರಿನಲ್ಲಿ ಬಾಡಿಗೆ ಮನೆಗೆ ಹತ್ತು ತಿಂಗಳ ಮುಂಗಡ ಕೇಳುವ ಪದ್ಧತಿ ಬಹುಕಾಲದಿಂದ ಬೇರೂರಿದೆ. ಬಿ.ಟಿ.ಎಂ. ಬಡಾವಣೆಯಲ್ಲಿ 20,000 ರೂಪಾಯಿಯ ಮನೆ ಹಿಡಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಎರಡು ಲಕ್ಷದ ಮುಂಗಡಕ್ಕಾಗಿ ವೈಯಕ್ತಿಕ ಸಾಲ ಮಾಡಿದನು. ಆ ಹಣಕ್ಕೆ ಅವನು ಬಡ್ಡಿ ಕಟ್ಟುವನು. ಮನೆಯೊಡೆಯನ ಬಳಿ ಅದು ಬಡ್ಡಿಯಿಲ್ಲದೆ ಕುಳಿತಿರುವುದು. ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಕಡಿತ. ಈ ಸಭೆಯಲ್ಲಿಯೂ ಮನೆಯೊಡೆಯರು ಇದ್ದೀರಿ. ನಾವು ಮಿತವ್ಯಯವನ್ನು ಬೋಧಿಸತಕ್ಕ ತರುಣರಿಗೆ ಮೊದಲನೆಯ ಸಾಲವನ್ನು ನಾವೇ ಮಾಡಿಸುತ್ತಿರುವೆವೆಂಬುದನ್ನು ಯೋಚಿಸಬೇಕು.

ಇನ್ನು ಎಲ್ಲಕ್ಕಿಂತ ಕಠಿಣವಾದುದು. ಸಾಲ ತೀರಿಸಿದವನೆಂಬ ಸುದ್ದಿ ಬಂಧುಗಳಲ್ಲಿ ಬೇಗ ಹರಡುತ್ತದೆ. ಹಾಸನದಲ್ಲಿರುವ ನನ್ನ ತಂಗಿಯ ಗಂಡನು ಅಂಗಡಿಯನ್ನು ದೊಡ್ಡದು ಮಾಡಲು ಎಂಟು ಲಕ್ಷದ ಸಾಲಕ್ಕೆ ನನ್ನ ಜಾಮೀನು ಕೇಳಲು ಬಂದರು. "ಭಾವ, ನಿಮ್ಮ ಕೈಯಿಂದ ಒಂದು ಕಾಸೂ ಬೇಡ, ಒಂದು ರುಜು ಸಾಕು" ಎಂದರು. ಜಾಮೀನು ಎಂದರೆ ಬರಿಯ ರುಜುವಲ್ಲ. 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಸಾಲಗಾರನನ್ನು ಮೊದಲು ಹಿಡಿಯಿರಿ, ಆಮೇಲೆ ನನ್ನ ಬಳಿಗೆ ಬನ್ನಿರಿ ಎಂದು ಬ್ಯಾಂಕಿಗೆ ಹೇಳುವಂತಿಲ್ಲ. ನಾನು ರುಜು ಹಾಕಲಿಲ್ಲ. ಆವರ್ತಕ ಠೇವಣಿಯನ್ನು ಮುರಿಸಿ 50,000 ರೂಪಾಯಿ ಕೊಟ್ಟು, ಇದನ್ನು ಹಿಂದಕ್ಕೆ ಕೊಡಬೇಕಾಗಿಲ್ಲವೆಂದೆನು. ನಮ್ಮ ಆಪದ್ಧನ ಐದು ತಿಂಗಳು ಹಿಂದಕ್ಕೆ ಹೋಯಿತು. ಅವರು ಹಣವನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದುಹೋದರು.

ತಂಗಿ ಆ ವರ್ಷ ಗೌರಿ ಹಬ್ಬಕ್ಕೆ ಬರಲಿಲ್ಲ. ಕಳುಹಿಸಿದ ಬಾಗಿನವೂ ಹಿಂದಿರುಗಿ ಬಂದಿತು. ಹದಿನೇಳು ವರ್ಷ ಬ್ಯಾಂಕಿನ ಸಾಲ ನನ್ನ ನಿದ್ರೆಯನ್ನು ಅಷ್ಟು ಕೆಡಿಸಿರಲಿಲ್ಲ. ಮಾಡಿದ್ದು ಸರಿಯೇ ಎಂದು ತಾವು ಕೇಳಿದರೆ, ಲೆಕ್ಕದ ಪ್ರಕಾರ ಸರಿಯೆನ್ನುವೆನು. ಅದಕ್ಕಿಂತ ಹೆಚ್ಚಾಗಿ ಹೇಳಲಾರೆನು. ಕಳೆದ ಗೌರಿ ಹಬ್ಬಕ್ಕೆ ಬಾಗಿನವನ್ನು ನಾನೇ ಹೊತ್ತು ಹಾಸನಕ್ಕೆ ಹೋದೆನು. ತಂಗಿ ಒಳಗೆ ಕರೆದು ಊಟಕ್ಕೆ ಹಾಕಿದಳು. ಅವಳ ಗಂಡನು ಅಂಗಡಿಯಲ್ಲಿದ್ದರು. ಅಂಗಡಿ ಸಣ್ಣದಾಗಿಯೇ ಇದೆ, ನಡೆಯುತ್ತಿದೆ. ಬಾಗಿನ, ಬಸ್ಸಿನ ಖರ್ಚು ಸೇರಿ 1,860 ರೂಪಾಯಿ ಎಂದು ಪುಸ್ತಕದಲ್ಲಿ ಬರೆದಿದ್ದೇನೆ.

ಆ ಪುಸ್ತಕವನ್ನು ತಂದಿದ್ದೇನೆ. ನೋಡಬಯಸುವವರು ಸಭೆ ಮುಗಿದ ಮೇಲೆ ನೋಡಬಹುದು. ಮೊದಲ ಮೂರು ತಿಂಗಳ ಪುಟವನ್ನೂ ಹರಿದಿಲ್ಲ.