ಬೆಳೆಯುವ ಹೆಣ್ಣುಮಕ್ಕಳ ಮನಸ್ಸು
(ಬುಕ್ಕಾಂಬುಧಿಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ ಗೊಬ್ಬರದ ಮಾತಾಡುವವನು ಇಂದು ಮನೆಯ ಮಾತೆತ್ತಿದನೇಕೆ ಎಂದು ನೀವು ಆಶ್ಚರ್ಯಪಡಬಹುದು. ಮೊನ್ನೆ ಈರುಳ್ಳಿ ಹೊಲ ನೋಡಲು ಹೋದಾಗ ಯಜಮಾನರೊಬ್ಬರು, "ಮಗಳಿಗೆ 13 ತುಂಬಿತು. ಮಾತಾಡಿಸಿದರೆ ಅಳು, ಇಲ್ಲದಿದ್ದರೆ ಸಿಟ್ಟು. ಶಾಲೆ ಬಿಡಿಸುವುದೇ ವಾಸಿ" ಎಂದರು. ಆ ಮಾತಿನಿಂದಲೇ ಈ ಭಾಷಣ.

ಈ ವಯಸ್ಸಿನಲ್ಲಿ ಮೈಯೊಡನೆ ಮಿದುಳೂ ಬೆಳೆಯುತ್ತಿರುತ್ತದೆ. ಭಾವನೆಗಳನ್ನು ಕೆರಳಿಸುವ ಭಾಗ ಮೊದಲು ಚುರುಕಾಗುತ್ತದೆ. ಅದಕ್ಕೆ ಕಡಿವಾಣ ಹಾಕುವ ಮುಂಭಾಗ ಪಕ್ವವಾಗಲು ವಯಸ್ಸು 20 ದಾಟಬೇಕು. ಆದುದರಿಂದ ಅಳು, ಸಿಟ್ಟುಗಳನ್ನು ಕೆಟ್ಟ ನಡತೆಯೆಂದು ಎಣಿಸಬಾರದು.

ಮೆಣಸಿನ ಗಿಡ ಮಧ್ಯಾಹ್ನದ ಬಿಸಿಲಿಗೆ ಬಾಡಿದರೆ ನಾವು ಕಿತ್ತೆಸೆಯುವುದಿಲ್ಲ; ಬೆಳಿಗ್ಗೆ ಹೋಗಿ ನೋಡುತ್ತೇವೆ. ತಲೆಯೆತ್ತಿದ್ದರೆ ಚಿಂತೆಯಿಲ್ಲ. ಬೆಳಿಗ್ಗೆಯೂ ಬಾಡಿದ್ದರೆ ಬೇರನ್ನು ಪರೀಕ್ಷಿಸುತ್ತೇವೆ. ಮಕ್ಕಳ ವಿಷಯವೂ ಹೀಗೆಯೇ. ರಾತ್ರಿಯ ಸಿಟ್ಟು ಬೆಳಿಗ್ಗೆ ಇಳಿದಿದ್ದರೆ ಅದನ್ನು ಮತ್ತೆ ಕೆದಕಬೇಡಿ. ಎರಡು ವಾರವಾದರೂ ಊಟ ನಿದ್ದೆ ಸೇರದೆ, ಗೆಳತಿಯರನ್ನೂ ಬಿಟ್ಟು ಮೂಲೆ ಹಿಡಿದರೆ ವೈದ್ಯರಿಗೆ ತೋರಿಸಿ. "ಬದುಕು ಸಾಕು" ಎಂದು ಒಮ್ಮೆ ಆಡಿದರೂ ಕಾಯದೆ ಅಂದೇ ಕರೆದೊಯ್ಯಿರಿ. ಒಂಟಿಯಾಗಿ ಬಿಡಬೇಡಿ, ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗದಲ್ಲಿಡಿ. ಟೆಲಿ ಮನಸ್‌ನ 14416ಕ್ಕೆ ಹಗಲಿರುಳೂ ಕರೆ ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲಿಯೇ ಮಾತಾಡುತ್ತಾರೆ.

ನನ್ನ ತಪ್ಪನ್ನೂ ಹೇಳುತ್ತೇನೆ. ನನ್ನ ತಂಗಿ ಎಂಟನೆಯ ತರಗತಿಯಲ್ಲಿದ್ದಾಗ ದಿನವೂ ಬೆಳಿಗ್ಗೆ ಅಳುತ್ತಿದ್ದಳು. "ಶಾಲೆಗೆ ಚಕ್ಕರ್ ಹೊಡೆಯುವ ನಾಟಕ" ಎಂದು ನಾನು ನಕ್ಕೆ. ದಾರಿಯಲ್ಲಿ ಹುಡುಗರು ಕಾಡುತ್ತಿದ್ದರೆಂಬುದು ಮನೆಗೆ ತಿಳಿದದ್ದು ವರ್ಷದ ಮೇಲೆ. ಅದನ್ನೂ ಅವಳು ಅಮ್ಮನಿಗೆ ಹೇಳಿದಳೇ ಹೊರತು ನಕ್ಕ ಅಣ್ಣನಿಗೆ ಹೇಳಲಿಲ್ಲ.

ನಾವು ಮಾಡತಕ್ಕದ್ದು ಕಷ್ಟದ್ದಲ್ಲ. ಹಸು ಕರೆಯುವಾಗಲೋ ರಾಗಿ ಹಸನು ಮಾಡುವಾಗಲೋ ಮಗಳೊಡನೆ ಮಾತಾಡಿ. ಅವಳು ಹೇಳಿ ಮುಗಿಸುವವರೆಗೆ ಬುದ್ಧಿ ಹೇಳಬೇಡಿ. ನೆಂಟರೆದುರು ಬಯ್ಯಬೇಡಿ. ಮುಟ್ಟಿನ ವಿಷಯವನ್ನು ತಾಯಿ ಮೊದಲೇ ತಿಳಿಸಲಿ. ಆ ದಿನಗಳಲ್ಲಿ ಹೊರಗೆ ಕೂರಿಸಬಾರದು. ರಕ್ತ ಕಡಿಮೆಯಾದರೂ ಸುಸ್ತು, ಸಿಡುಕು ಬರುತ್ತವೆ. ಸೊಪ್ಪು, ಕಾಳು ಕೊಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ತಪ್ಪದಿರಲಿ.

"ಮದುವೆ ಮಾಡಿದರೆ ಸರಿಹೋಗುತ್ತಾಳೆ" ಎಂಬ ಮಾತು ಬೇಡ. 18 ತುಂಬದ ಹುಡುಗಿಗೆ ಮದುವೆ ಮಾಡುವುದು 2006ರ ಕಾಯಿದೆಯಂತೆ ಅಪರಾಧ. ಅಂಥ ಸುದ್ದಿ ಕಿವಿಗೆ ಬಿದ್ದರೆ 1098ಕ್ಕೆ ತಿಳಿಸಿ.

ಆ ಯಜಮಾನರಲ್ಲಿ ನಾನು ಕೇಳಿಕೊಂಡದ್ದು ಇಷ್ಟೇ: "ಶಾಲೆ ಬಿಡಿಸುವ ಮುಂಚೆ ಮಗಳನ್ನು ಒಂದು ಮಾತು ಕೇಳಿ." ನಿಮ್ಮಲ್ಲಿಯೂ ನನ್ನ ಬಿನ್ನಹ ಅದೇ.