ಬಾಗಿಲಿಗೊಂದು ಕಿವಿ

(ಬಾನುಲಿ ಭಾಷಣ)

ಈಗ ನನ್ನ ಮುಂದೆ ಒಂದು ಮೈಕು ಇದೆ. ನನ್ನ ದನಿ ನಿಮ್ಮನ್ನು ಮುಟ್ಟಬೇಕಾದರೆ ಮೊದಲು ಅದಕ್ಕೆ ಕೇಳಿಸಬೇಕು. ಇಂದು ನಾನು ಹೇಳಹೊರಟಿರುವುದು ಅದರ ಕಿರಿಯ ಬಂಧುವೊಂದರ ವಿಷಯ. ಅದರ ಉದ್ದ ಐದು ಮಿಲಿಮೀಟರಿಗೂ ಕಡಿಮೆ, ದಪ್ಪ ಒಂದು ಮಿಲಿಮೀಟರ್. ಹೆಸರು ಐಎನ್‌ಎಂಪಿ441.

ನಮ್ಮ ತಾಯಿಯವರಿಗೆ ಕಿವಿ ಮಂದವಾಗಿ ಕೆಲವು ವರ್ಷಗಳಾದವು. ಅವರೊಬ್ಬರೇ ಇರುವಾಗ ಬಂದವರು ಬಾಗಿಲು ತಟ್ಟಿ, ಕಾದು, ಹಿಂದಿರುಗುತ್ತಿದ್ದರು. ಸಂಜೆ ತಾಯಿ, "ಇವತ್ತೂ ಯಾರೂ ಬರಲಿಲ್ಲ" ಎನ್ನುವರು. ಕರೆಗಂಟೆಗೆ ದೀಪ ಕಟ್ಟುವುದು ಸುಲಭ; ಆದರೆ ನಮ್ಮ ಬೀದಿಯವರು ಗಂಟೆ ಒತ್ತುವವರಲ್ಲ, ಬಾಗಿಲು ತಟ್ಟುವವರು. ಆ ಸದ್ದನ್ನೇ ಬೆಳಕಾಗಿಸಬೇಕೆಂದು ನಾನು ಹೊರಟೆ.

ಈ ಮೈಕಿನೊಳಗೆ ಒಂದು ತೆಳುಪೊರೆ, ಅದರೆದುರು ಅಲುಗದ ಒಂದು ಫಲಕ. ಸದ್ದಿಗೆ ಪೊರೆ ನಡುಗಿದಾಗ ಎರಡರ ನಡುವಣ ಅಂತರ ಬದಲಾಗುತ್ತದೆ. ಹಳೆಯ ಮೈಕು ಇಂಥ ಕಂಪನವನ್ನು ವಿದ್ಯುತ್ತಿನ ಏರಿಳಿತವಾಗಿ ಒಪ್ಪಿಸುತ್ತಿತ್ತು. ಇದಾದರೋ ಒಳಗೇ ಅಳೆದು, ಅಂಕಿಯಾಗಿಸಿ ಕೊಡುತ್ತದೆ. ಆ ಅಂಕಿಗಳನ್ನು ಸಾಗಿಸುವ ಕ್ರಮಕ್ಕೆ ಐ2ಎಸ್ ಎಂದು ಹೆಸರು. 1986ರಲ್ಲಿ ಫಿಲಿಪ್ಸ್ ಕಂಪೆನಿ ರೂಪಿಸಿದ ಕಟ್ಟಳೆ ಅದು.

ಅಂಕಿಗಳನ್ನು ಓದಲು ನಾನು ಆರಿಸಿಕೊಂಡದ್ದು ಹವ್ಯಾಸಿಗಳಿಗೆ ಪರಿಚಿತವಾದ ಇಎಸ್‌ಪಿ32 ಬೋರ್ಡು. ಜೋಡಿಸಬೇಕಾದ ತಂತಿಗಳು ಆರು. ಎರಡು ವಿದ್ಯುತ್ತಿಗೆ: ಒಂದು 3.3 ವೋಲ್ಟಿಗೆ, ಇನ್ನೊಂದು ನೆಲಕ್ಕೆ. ಐದು ವೋಲ್ಟು ಕೊಟ್ಟರೆ ಮೈಕು ಕೆಡುತ್ತದೆ. ಮೂರನೆಯದು ತಾಳದ ತಂತಿ. ತಾಳ ಹಾಕುವುದು ಬೋರ್ಡು; ತಾಳವಿಲ್ಲದೆ ಮೈಕು ತುಟಿ ಬಿಚ್ಚದು. ಸೆಕೆಂಡಿಗೆ 16,000 ಸಲ ಸದ್ದನ್ನು ಅಳೆಯಬೇಕಾದರೆ, ಪ್ರತಿ ಸಲಕ್ಕೂ 64 ತಾಳದಂತೆ, ಸೆಕೆಂಡಿಗೆ 10,24,000 ತಾಳ ಬೀಳಬೇಕು. ನಾಲ್ಕನೆಯ ತಂತಿ ಈಗ ಎಡದ ಸರದಿಯೋ ಬಲದ ಸರದಿಯೋ ಎಂದು ತಿಳಿಸುತ್ತದೆ. ಐದನೆಯದರಲ್ಲಿ ಅಂಕಿ ಹರಿದು ಬರುತ್ತದೆ. ತಂತಿ ಸೇರಿಸುವಾಗ ಒಂದು ಎಚ್ಚರ ಬೇಕು: ಬೋರ್ಡಿನ 34ರಿಂದ 39ರವರೆಗಿನ ಕಾಲುಗಳು ಕೇಳಬಲ್ಲವು, ಹೇಳಲಾರವು, ಅಲ್ಲಿಂದ ತಾಳ ಹೊರಡದು.

ಮೊದಲ ಸಂಜೆ ಬಂದದ್ದು ಬರಿಯ ಸೊನ್ನೆಗಳ ಸಾಲು. ಬೆಸುಗೆಯನ್ನು ಅನುಮಾನಿಸಿದೆ, ತಂತಿಗಳನ್ನು ಬದಲಿಸಿದೆ, ಮೈಕೇ ಸತ್ತಿತೆಂದು ನಿರಾಶನಾದೆ. ತಪ್ಪು ನನ್ನದೇ ಆಗಿತ್ತು. ಆರನೆಯ ಕಾಲು, ನೀನು ಎಡದವನೋ ಬಲದವನೋ ಎಂದು ಮೈಕಿಗೆ ತಿಳಿಸುವ ಕಾಲು, ಯಾವುದಕ್ಕೂ ಸೇರದೆ ಉಳಿದಿತ್ತು. ಅದನ್ನು ನೆಲಕ್ಕೆ ಕಟ್ಟಿದೆ, ಮೈಕು ಎಡದ್ದಾಯಿತು. ನಾನು ಕೆಮ್ಮಿದೊಡನೆ ಅಂಕಿಗಳು ಕುಣಿದವು. ಅಷ್ಟು ಹೊತ್ತೂ ಅದಕ್ಕೆ ಕಿವಿಯಿತ್ತು. ತನ್ನ ಸರದಿ ಯಾವುದೆಂಬ ನಿಶ್ಚಯವಿರಲಿಲ್ಲ, ಅಷ್ಟೆ.

ಇನ್ನು ತಟ್ಟಿದ ಸದ್ದನ್ನು ಗುರುತಿಸುವ ಕೆಲಸ. ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ 1,600 ಅಂಕಿಗಳು ಬರುತ್ತವೆ. ಅವುಗಳ ಸರಾಸರಿಯನ್ನು ಕಳೆದು, ಉಳಿದುದನ್ನು ವರ್ಗ ಮಾಡಿ, ಆ ವರ್ಗಗಳ ಸರಾಸರಿಗೆ ವರ್ಗಮೂಲ ತೆಗೆದರೆ ಸದ್ದಿನ ಬಲ ದೊರೆಯುತ್ತದೆ. ಫ್ಯಾನಿನ ಸದ್ದು ಒಂದೇ ಮಟ್ಟದಲ್ಲಿರುತ್ತದೆ. ತಟ್ಟಿದ ಸದ್ದು ಥಟ್ಟನೆ ಏರಿ ಇಳಿಯುತ್ತದೆ. ಹಿಂದಿನ ಮಟ್ಟವನ್ನು ಮೀರಿ ಹಠಾತ್ತನೆ ಏರಿದಾಗ ಮಾತ್ರ ದೀಪ ಹತ್ತುವಂತೆ ಮಾಡಿದೆ. ಕುಕ್ಕರಿನ ಸೀಟಿಗೂ ಅದು ಹತ್ತುತ್ತದೆ. "ಅದೂ ಬೇಕಾದದ್ದೇ" ಎಂದರು ತಾಯಿ.

ಆದರೆ ಅವರ ಮೊದಲ ಪ್ರಶ್ನೆ ಬೇರೆಯೇ ಆಗಿತ್ತು: "ನಾವು ಆಡೋ ಮಾತೂ ಇದಕ್ಕೆ ಕೇಳಿಸುತ್ತೇನಪ್ಪ?" ಗೋಡೆಗೂ ಕಿವಿಯುಂಟು ಎಂಬ ಗಾದೆಯನ್ನು ನಂಬಿ ಬಾಳಿದವರು ಅವರು. ಕೇಳಿಸುತ್ತದೆ ಎಂದೇ ಹೇಳಬೇಕಾಯಿತು. ಆದರೆ ಒಂದು ಕಂತಿನ ಅಂಕಿಗಳ ಮೇಲೆ ಮುಂದಿನ ಕಂತು ಬಂದು ಕೂರುತ್ತದೆ, ಯಾವುದೂ ಉಳಿಯದು. ಬೋರ್ಡಿನ ವೈಫೈಯನ್ನು ನಾನು ಬಳಸಿಯೇ ಇಲ್ಲ. ಕೆಲವೇ ಸಾಲುಗಳನ್ನು ಬದಲಿಸಿದರೆ ಇದೇ ಯಂತ್ರ ಮನೆಯ ಮಾತನ್ನು ಹೊರಗೆ ಸಾಗಿಸಬಲ್ಲದು. ಕಿವಿಯನ್ನು ಕಟ್ಟುವವನ ಮೇಲೆ ಅದರ ಹೊಣೆಯೂ ಇದೆ ಎಂಬುದನ್ನು ನನಗೆ ಕಲಿಸಿದ್ದು ಆ ಒಂದು ಪ್ರಶ್ನೆ.

ಈಗ ನಡುಮನೆಯಲ್ಲಿ ದೀಪ ಹತ್ತಿದರೆ ತಾಯಿ ಎದ್ದು ಬಾಗಿಲಿಗೆ ಹೋಗುತ್ತಾರೆ. ಸಂಜೆ ನಾನು ಮನೆಗೆ ಬಂದಾಗ, ಯಾರು ಯಾರು ಬಂದಿದ್ದರೆಂದು ಅವರೇ ಹೇಳುತ್ತಾರೆ.